ಆಷಾಢದಲ್ಲಿ ಅವಧಿ ಮುಗಿದ ಪ್ರಮಾಣಪತ್ರ

ನಮ್ಮ ವಿದ್ಯಾಸಂಸ್ಥೆಗೆ ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಒಂದೊಂದು ಕಾಲೇಜು ಇದೆ. ಮೂರಕ್ಕೂ ಸೇರಿ ಒಂದೇ ಸರ್ವರ್. ಅದು ಅರಸೀಕೆರೆಯಲ್ಲಿ, ಹಿಂದೆ ಭೂಪಟಗಳನ್ನು ಸುತ್ತಿಡುತ್ತಿದ್ದ ಕೋಣೆಯಲ್ಲಿ, ನನ್ನ ಮೇಜಿನ ಪಕ್ಕದಲ್ಲಿ ಕುಳಿತಿರುತ್ತದೆ. ಆ ಕೋಣೆಯ ಏಸಿ ಸರ್ವರಿಗಾಗಿ ಮಂಜೂರಾದದ್ದು ಎಂದು ಕಡತದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ಕೋಣೆಯಲ್ಲಿರುವ ನನಗೂ ತಂಪಾಗುತ್ತದೆಂಬುದನ್ನು ಆಡಳಿತ ಮಂಡಳಿ ಈವರೆಗೆ ಆಕ್ಷೇಪಿಸಿಲ್ಲ.

ನಾನು ಇದೇ ಸಂಸ್ಥೆಯ ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದವನು. ಕಂಪ್ಯೂಟರಿನ ಮುಂದೆ ಬಂದು ಕುಳಿತದ್ದಕ್ಕೆ ನನ್ನ ಪ್ರತಿಭೆ ಕಾರಣವಲ್ಲ. ಮೂರೂ ಕಾಲೇಜುಗಳಿಗೆ ವೈಫೈ ಹಾಕಿಸಿದ ವರ್ಷ ಯಂತ್ರಗಳ ಜೊತೆ ದಪ್ಪನೆಯ ಕೈಪಿಡಿಯೊಂದು ಬಂದಿತ್ತು. ಅರಸೀಕೆರೆಯ ಪ್ರಾಂಶುಪಾಲರು ಅದನ್ನು ನಮ್ಮ ಮುಖ್ಯೋಪಾಧ್ಯಾಯರಿಗೆ ಕೊಟ್ಟರು, ಮುಖ್ಯೋಪಾಧ್ಯಾಯರು ನನಗೆ ಕೊಟ್ಟರು, ನಾನು ಮುಂದೆ ಕೊಡಲು ಯಾರೂ ಇಲ್ಲದ್ದರಿಂದ ಕೊನೆಯ ಪುಟದವರೆಗೆ ಓದಿ, ಅಲ್ಲಲ್ಲಿ ಅಸ್ಪಷ್ಟವಾಗಿದ್ದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದೆ. ಸಂಸ್ಥೆಯ ಅಧ್ಯಕ್ಷರಿಗೆ ಈ ಸುದ್ದಿ ಮುಟ್ಟಿತು. ಅವರು ಕಣಕಟ್ಟೆ ಕಡೆಯ ದೊಡ್ಡ ತೆಂಗಿನ ತೋಟದ ಯಜಮಾನರು. ಮನುಷ್ಯರನ್ನು ಅಳೆಯುವುದರಲ್ಲಿ ನಿಸ್ಸೀಮರು.

"ಪೂರ್ತಿ ಓದವ್ರಂತೆ ಕಣ್ರಯ್ಯ ಮೇಷ್ಟ್ರು! ಇನ್ನೇನ್ ನೋಡ್ತೀರಿ, ಅವ್ರಿಗೇ ವಹಿಸ್ಬುಡಿ" ಎಂದರು. ಎರಡು ತರಬೇತಿಗಳಾದ ಮೇಲೆ ನಾನು ಜಾಲದ ಉಸ್ತುವಾರಿ ಅಧಿಕಾರಿಯಾದೆ. ಓದುವ ಚಟಕ್ಕೆ ಇಷ್ಟು ಕಠಿಣ ಶಿಕ್ಷೆಯಿದೆಯೆಂದು ತಿಳಿದಿದ್ದರೆ ಮಕ್ಕಳಿಗೆ ಮೊದಲೇ ಎಚ್ಚರಿಕೆ ಕೊಡುತ್ತಿದ್ದೆ.

ನಮ್ಮ ವೈಫೈಗೆ ಸೇರುವಾಗ ಒಂದು ವಿಧಿಯಿದೆ. ಫೋನು ತನ್ನ ಪಾಸ್‌ವರ್ಡನ್ನು ಒಪ್ಪಿಸುವುದಕ್ಕೆ ಮುಂಚೆ, ಎದುರಿಗಿರುವುದು ನಿಜವಾಗಿಯೂ ನಮ್ಮ ಸರ್ವರೇ ಎಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕಾಗಿ ಸರ್ವರ್ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಅದರಲ್ಲಿ ಅದರ ಹೆಸರು, ಆ ಪತ್ರ ಕೊಟ್ಟವರು ಯಾರು, ಎಂದಿನಿಂದ ಎಂದಿನವರೆಗೆ ಸಲ್ಲುತ್ತದೆ ಎಂಬುದೆಲ್ಲ ಇರುತ್ತದೆ. ಫೋನು ಇದನ್ನು ಓದಿ, ಒಪ್ಪಿ, ಆಮೇಲೆ ಗುಟ್ಟನ್ನು ಹೇಳಬೇಕು. ಇಲ್ಲದಿದ್ದರೆ ಯಾರೋ ಕಿಡಿಗೇಡಿ ಎದುರಿನ ಅಂಗಡಿಯಲ್ಲಿ ನಮ್ಮದೇ ಹೆಸರಿನ ವೈಫೈಯನ್ನಿಟ್ಟು ಎಲ್ಲರ ಪಾಸ್‌ವರ್ಡುಗಳನ್ನೂ ಕೂತಲ್ಲೇ ಸಂಗ್ರಹಿಸಬಹುದು.

ಕೈಪಿಡಿಯಲ್ಲಿ ಇದೆಲ್ಲ ಇತ್ತು. ಆದರೆ ವೈಫೈ ಉದ್ಘಾಟನೆಯ ದಿನ ವೇದಿಕೆಯ ಮೇಲಿದ್ದ ಗಣ್ಯರ ಫೋನುಗಳು ಪ್ರಮಾಣಪತ್ರವನ್ನು ಓದುತ್ತಾ ಕೂತುಬಿಟ್ಟವು. ಅಧ್ಯಕ್ಷರು ನನ್ನ ಕಡೆ ನೋಡಿದರು. ಪ್ರತಿ ಫೋನಿನಲ್ಲೂ "ಪರಿಶೀಲಿಸಬೇಡ" ಎಂಬ ಆಯ್ಕೆಯೊಂದಿತ್ತು. ಅದನ್ನು ಒತ್ತಿದೊಡನೆ ಚಪ್ಪಾಳೆ ಬಿತ್ತು. ಮರುದಿನ ನಾನೇ ಕುಳಿತು ಒಂದು ಸೂಚನಾ ಫಲಕವನ್ನು ಬರೆದೆ. "ಪ್ರಮಾಣಪತ್ರದ ಎದುರಿನಲ್ಲಿ 'ಪರಿಶೀಲಿಸಬೇಡ' ಎಂಬುದನ್ನು ಆರಿಸತಕ್ಕದ್ದು" ಎಂಬ ಆ ವಾಕ್ಯ ಮೂರೂ ಕಾಲೇಜುಗಳ ಗೋಡೆಗಳ ಮೇಲೆ ಚೌಕಟ್ಟಿನೊಳಗೆ ತೂಗಾಡಿತು. ಅದರಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ಹದಿನೆಂಟು ವರ್ಷ ಮಕ್ಕಳಿಗೆ "ಓದದೆ ಸಹಿ ಹಾಕಬೇಡಿ" ಎಂದು ಬೋಧಿಸಿದವನ ಕೈಬರಹ ಅದು.

ಆಮೇಲೆ ಆಪ್ ಬಂತು. ಅದಕ್ಕೆ ಮುಂಚೆ ಹಾಜರಿ ಪುಸ್ತಕವಿತ್ತು. ಅದರಲ್ಲಿ ಕೆಲವರು ಸೋಮವಾರವೇ ಶನಿವಾರದವರೆಗೆ ಸಹಿ ಮಾಡಿ ನಿಶ್ಚಿಂತರಾಗುತ್ತಿದ್ದರು. ಈ ದೂರದೃಷ್ಟಿಯನ್ನು ತಡೆಯಲು ಮಂಡಳಿ ಪುಸ್ತಕವನ್ನೇ ರದ್ದುಮಾಡಿತು. ಇನ್ನು ಮುಂದೆ ಕಾಲೇಜಿನ ವೈಫೈ ಮೂಲಕ, ಬೆಳಿಗ್ಗೆ ಒಂಬತ್ತೂವರೆಯೊಳಗೆ, ತಮ್ಮ ಹೆಸರಿಗೆ ನೋಂದಾಯಿಸಿದ ಫೋನಿನಲ್ಲಿ ಆಪ್ ತೆರೆದವರು ಮಾತ್ರ ಬಂದವರು. ಉಳಿದವರು ಎದುರಿಗೆ ನಿಂತಿದ್ದರೂ ಬಾರದವರು.

ಹಳೇಬೀಡಿನ ಕಾಲೇಜಿಗೆ ಅರ್ಥಶಾಸ್ತ್ರ ಕಲಿಸಲು ಬಂದ ಅತಿಥಿ ಉಪನ್ಯಾಸಕಿ ಬಿಕ್ಕೋಡಿನವರು. ಬಿಕ್ಕೋಡಿನಿಂದ ಬೇಲೂರಿಗೆ ಒಂದು ಬಸ್ಸು, ಬೇಲೂರಿನಿಂದ ಹಳೇಬೀಡಿಗೆ ಇನ್ನೊಂದು. ಅತಿಥಿ ಎಂಬ ಪದವನ್ನು ನಮ್ಮ ಸಂಸ್ಥೆ ಅಕ್ಷರಶಃ ಪಾಲಿಸುತ್ತದೆ: ಪ್ರತಿ ಅವಧಿ ಮುಗಿದೊಡನೆ ಹೊರಡಬೇಕು, ಮರುನೇಮಕದ ಆದೇಶ ಬಂದರೆ ಮತ್ತೆ ಬರಬೇಕು. ಅವರು ಹೊಸದಾಗಿ ಕೊಂಡಿದ್ದ ಫೋನಿನಲ್ಲಿ "ಪರಿಶೀಲಿಸಬೇಡ" ಎಂಬ ಆಯ್ಕೆಯೇ ಇರಲಿಲ್ಲ. ಫೋನು ತಯಾರಿಸುವವರಿಗೆ ತಡವಾಗಿಯಾದರೂ ಬುದ್ಧಿ ಬಂದು ಅದನ್ನು ತೆಗೆದುಹಾಕಿದ್ದರು. ಹೀಗಾಗಿ, ಅವಧಿಯ ಮೊದಲ ವಾರ ಬೇಲೂರಿನಲ್ಲಿ ತರಬೇತಿ ನಡೆದಾಗ, ಅವರ ಫೋನಿಗೆ ಮಾತ್ರ ನಾನು ವಿಧಿವತ್ತಾಗಿ ಎಲ್ಲವನ್ನೂ ಅಳವಡಿಸಿಕೊಟ್ಟೆ. ಪತ್ರ ಕೊಡುವವರು ಯಾರು, ಸರ್ವರಿನ ಹೆಸರೇನು ಎಂಬುದನ್ನೆಲ್ಲ ಅದಕ್ಕೆ ಕಲಿಸಿದೆ. ಮೂರು ಊರುಗಳಲ್ಲಿ ಕಣ್ಣು ಬಿಟ್ಟುಕೊಂಡು ವೈಫೈಗೆ ಸೇರುತ್ತಿದ್ದ ಫೋನು ಅದೊಂದೇ. ಕಲಿಸಿದವನು ನಾನು, ಮರೆತವನೂ ನಾನು.

ಸರ್ವರಿನ ಪ್ರಮಾಣಪತ್ರದ ಅವಧಿ ಮುಗಿಯುವ ದಿನ ಹತ್ತಿರ ಬಂತು. ಒಂದು ತಿಂಗಳು ಮುಂಚೆಯೇ ನಾನು ಕಡತ ಮಂಡಿಸಿದ್ದೆ. ಹೊಸ ಪತ್ರಕ್ಕೆ ಹೊರಗಿನ ಯಾರೂ ಬೇಕಿರಲಿಲ್ಲ. ನಮ್ಮ ಸಂಸ್ಥೆಯೇ ತನ್ನ ಸರ್ವರಿಗೆ ಪತ್ರ ಕೊಟ್ಟುಕೊಳ್ಳುವ ವ್ಯವಸ್ಥೆಯಿತ್ತು. ಬೇಕಾಗಿದ್ದದ್ದು ಅಧ್ಯಕ್ಷರ ಒಂದು ಸಹಿ. ಕಡತ ಅಲೆದಲೆದು ಅವರ ಮುಂದೆ ಬರುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಬಂದಿತ್ತು. ನನ್ನನ್ನು ಕರೆಸಿದರು.

"ಏನ್ ಮೇಷ್ಟ್ರೇ, ತಿಳ್ದೋರು ನೀವು. ಆಷಾಢದಲ್ಲಿ ಯಾರಾದ್ರೂ ಹೊಸಾದು ಶುರು ಮಾಡ್ತಾರಾ?"

"ಇದು ಕಾಗದಪತ್ರದ ಕೆಲಸ, ಅಧ್ಯಕ್ಷರೇ. ಇದಕ್ಕೆ ಆಷಾಢ ಅಡ್ಡಿ ಬರುವುದಿಲ್ಲ."

"ಮದ್ವೆಗೂ ಪ್ರಮಾಣಪತ್ರ ಐತೆ. ಅದ್ನೂ ಕಾಗದ ಅಂತ ಆಷಾಢದಲ್ಲಿ ಮಾಡ್ತೀರಾ?" ಎಂದು ಕೇಳಿ, ತಮ್ಮ ಉಪಮೆಗೆ ತಾವೇ ತಲೆದೂಗಿದರು. "ಹೋಗ್ಲಿ, ಹಳೇದು ಮುಗುದ್ರೆ ಏನಾಯ್ತದೆ? ವೈಫೈ ನಿಂತೋಯ್ತದಾ?"

ನಾನು ಸತ್ಯವಂತನಾಗಿ ಉತ್ತರಿಸಿದೆ. "ನಿಲ್ಲುವುದಿಲ್ಲ. ನಮ್ಮಲ್ಲಿ ಯಾರ ಫೋನೂ ಅದನ್ನು ನೋಡುವುದಿಲ್ಲ."

"ಯಾರೂ ನೋಡ್ದೆ ಇರೋದು ಇದ್ರೇನು, ಹೋದ್ರೇನು! ಶ್ರಾವಣ ಬರ್ಲಿ. ಒಳ್ಳೆ ದಿನ ನೋಡಿ, ಪೂಜೆ ಮಾಡ್ಸಿ, ಹಾಕೋಣ."

ತರ್ಕದಲ್ಲಿ ನಾನು ಸೋತೆ. ಕಡತದ ಮೇಲೆ "ಶ್ರಾವಣದಲ್ಲಿ ಮಂಡಿಸಿ" ಎಂದು ಬರೆಸಿಕೊಂಡು ಹಿಂದಿರುಗಿದೆ. ಆ ವಾರ ಮುಗಿಯುವುದರೊಳಗೆ ಪತ್ರದ ಅವಧಿ ಮುಗಿಯಿತು. ಮರುದಿನ ಮೂರೂ ಊರುಗಳಿಂದ ಒಂದು ಫೋನಾದರೂ ಕೆಮ್ಮಿದ ಸುದ್ದಿ ಬರಲಿಲ್ಲ. ಅಧ್ಯಕ್ಷರ ಶಾಸ್ತ್ರಜ್ಞಾನದ ಬಗ್ಗೆ ನನಗೇ ಸ್ವಲ್ಪ ಗೌರವ ಮೂಡಿತು.

ಹಳೇಬೀಡಿನ ಪ್ರಾಂಶುಪಾಲರು ದೂರವಾಣಿಯಲ್ಲಿ ತಿಳಿಸಿದ್ದು ಒಂದೇ ಮಾತು: ಅರ್ಥಶಾಸ್ತ್ರದ ಮೇಡಂ ಪಾಸ್‌ವರ್ಡ್ ತಪ್ಪು ಹಾಕುತ್ತಿದ್ದಾರಂತೆ, ಬದಲಾಯಿಸಿಕೊಡಿ. ನಾನು ಬದಲಾಯಿಸಿದೆ. ಎರಡು ದಿನ ಬಿಟ್ಟು ಅದೇ ಮಾತು, ಮತ್ತೆ ಬದಲಾಯಿಸಿದೆ. ಮೂರನೆಯ ಸಲ ಅವರೇ ನನಗೆ ನೇರವಾಗಿ ಕರೆ ಮಾಡಿದರು.

"ಸರ್, ಫೋನು ಪಾಸ್‌ವರ್ಡ್ ಸರಿಯಾಗಿದೆಯಾ ನೋಡಿ ಅಂತಲೇ ಹೇಳ್ತಿದೆ. ನಾನು ಒಂದೊಂದೇ ಅಕ್ಷರ ನೋಡ್ಕೊಂಡು ಹಾಕ್ತಿದ್ದೀನಿ."

"ಇನ್ನೊಮ್ಮೆ ನಿಧಾನವಾಗಿ ಹಾಕಿ ನೋಡಿಮ್ಮಾ" ಎಂದೆ. ಉತ್ತರಪತ್ರಿಕೆ ತಂದು "ಸರ್, ಇದಕ್ಕೆ ಅಂಕ ಬರಬೇಕಲ್ಲ?" ಎನ್ನುತ್ತಿದ್ದ ಮಕ್ಕಳಿಗೆ ನಾನು ಉತ್ತರಿಸುತ್ತಿದ್ದ ಧ್ವನಿ ಅದು. ವಿದ್ಯಾರ್ಥಿಯದೇ ತಪ್ಪು ಎಂಬಲ್ಲಿಂದ ತನಿಖೆ ಆರಂಭಿಸುವುದು ನಮ್ಮ ವೃತ್ತಿಯ ಸಂಪ್ರದಾಯ.

ಹಳೇಬೀಡಿನ ಸಹೋದ್ಯೋಗಿಗಳೂ ತಮ್ಮ ತಮ್ಮ ಶಾಸ್ತ್ರಗಳ ಪ್ರಕಾರ ಚಿಕಿತ್ಸೆ ನಡೆಸಿದರಂತೆ. ಒಬ್ಬರು ಫೋನನ್ನು ಆರಿಸಿ ಹೊತ್ತಿಸಿದರು. ಒಬ್ಬರು ಸಿಮ್ ತೆಗೆದು ಊದಿ ಹಾಕಿದರು. ಇನ್ನೊಬ್ಬರು ಹಿಂಬದಿಯ ಕವರ್ ದಪ್ಪವಾಗಿರುವುದರಿಂದ ಸಿಗ್ನಲ್ ಒಳಗೆ ಹೋಗುತ್ತಿಲ್ಲವೆಂದು ನಿರ್ಣಯಿಸಿದರು. ಎಲ್ಲರೂ ಕೊನೆಗೆ ಒಂದೇ ತೀರ್ಮಾನಕ್ಕೆ ಬಂದರು: "ನಮ್ದೆಲ್ಲ ಬರ್ತಿದೆಯಲ್ಲ ಮೇಡಂ!"

ದಿನಗಳು ಸರಿದವು. ಆಪಿನಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿಯ ಕೆಂಪು ಚುಕ್ಕೆಗಳು ಸಾಲುಗಟ್ಟಿದವು. ಆ ವೇಳೆಗೆ ಅತಿಥಿ ಉಪನ್ಯಾಸಕರ ಮರುನೇಮಕದ ಸಭೆಯೂ ನಿಗದಿಯಾಯಿತು. ಹಾಜರಿ ಕೊರತೆಯಿರುವವರನ್ನು ಕೈಬಿಡಬೇಕೆಂಬುದು ನಿಯಮ. ಪ್ರಾಂಶುಪಾಲರು ನಿಯಮದಂತೆ ನನಗೊಂದು ಪತ್ರ ಬರೆದು, ಸದರಿಯವರು ವೈಫೈಗೆ ಸೇರಲು ಪ್ರಯತ್ನಿಸಿದ್ದು ನಿಜವೇ ಎಂದು ಕೇಳಿದರು.

ನನ್ನ ಪರದೆಯ ಮೇಲೆ ಪ್ರತಿದಿನ ಒಂದು ಪಟ್ಟಿ ಸಿದ್ಧವಾಗುತ್ತದೆ. ತಪ್ಪು ಪಾಸ್‌ವರ್ಡ್ ಕೊಟ್ಟು ತಿರಸ್ಕೃತರಾದವರ ಪಟ್ಟಿ ಅದು. ಅಷ್ಟೂ ದಿನಗಳ ಪಟ್ಟಿಯನ್ನು ಸಾಲು ಸಾಲಾಗಿ ಅಡಿಕೋಲು ಹಿಡಿದು ನೋಡಿದೆ. ಅವರ ಹೆಸರು ಒಂದು ದಿನವೂ ಇರಲಿಲ್ಲ. ಉತ್ತರ ಬರೆದೆ: "ಸದರಿ ಬಳಕೆದಾರರ ಹೆಸರಿನಲ್ಲಿ, ಸದರಿ ದಿನಾಂಕಗಳಂದು, ಜಾಲವನ್ನು ಪ್ರವೇಶಿಸಲು ಯಾವುದೇ ಪ್ರಯತ್ನ ನಡೆದಿರುವುದು ಕಂಡುಬಂದಿರುವುದಿಲ್ಲ." ಸುಂದರವಾದ ವಾಕ್ಯ. ಎರಡು ಸಲ ಓದಿಕೊಂಡು ಕಳುಹಿಸಿದೆ.

ನಾಲ್ಕನೆಯ ದಿನ ಅವರ ಕರೆ ಬಂತು. ಧ್ವನಿಯಲ್ಲಿ ಜಗಳವಿರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಸರ್, ನಾನು ಪ್ರಯತ್ನವನ್ನೇ ಮಾಡಿಲ್ಲ ಅಂತ ಬರೆದುಕೊಟ್ಟಿದ್ದೀರಂತೆ. ದಿನಾ ಎರಡು ಬಸ್ ಹತ್ತಿ ಬಂದು, ನಿಮ್ಮ ವೈಫೈ ಮುಂದೆ ನಿಂತ್ಕೊಂಡು, ಆಮೇಲೆ ಕ್ಲಾಸಿಗೆ ಹೋಗ್ತೀನಿ. ಒಂದ್ಸಲ ಬಂದು ನೋಡಿ ಸರ್. ಶುಕ್ರವಾರ ಮೀಟಿಂಗ್ ಇದೆ. ಅಷ್ಟೇ."

ಮರುದಿನ ಬೆಳಿಗ್ಗೆ ಬಾಣಾವರ, ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿದೆ. ತುಂತುರು ಮಳೆ. ಹಳೇಬೀಡಿನಲ್ಲಿ ಇಳಿದಾಗ ದೇವಸ್ಥಾನದ ಮುಂದೆ ಪ್ರವಾಸಿಗಳ ಎರಡು ಬಸ್ಸು ನಿಂತಿದ್ದವು. ಗೈಡುಗಳು ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು ಕೊಡೆ ಹಿಡಿದು ಕಾಯುತ್ತಿದ್ದರು.

ಕಾಲೇಜಿನ ಬಾಗಿಲಲ್ಲಿ ಮೊದಲು ಸಿಕ್ಕಿದವರು ಗಂಟೆ ಬಾರಿಸುವ ಅಟೆಂಡರ್ ಹೆಂಗಸು. ನಾನು ಬಂದ ಕಾರಣವನ್ನು ಕೇಳಿ ಸೊಂಟಕ್ಕೆ ಕೈಕೊಟ್ಟರು. "ಆಯಮ್ಮ ಬಂದು ಕ್ಲಾಸಿಗೆ ನಡುದ್ಮೇಲೇ ನಾನು ಗಂಟೆ ಹೊಡ್ಯೋದು ಕಣ್ರೀ. ಬಂದೇ ಇಲ್ಲಾಂತ ಅಂದ್ರೆ ನಾನು ದಿನಾ ನೋಡಿದ್ದು ಯಾರ್ನ? ದೆವ್ವಾನಾ?"

ಪ್ರಾಂಶುಪಾಲರು ಒಳಗಿನಿಂದಲೇ ಉತ್ತರಿಸಿದರು. "ನೀನು ನೋಡಿದ್ದು ಲೆಕ್ಕಕ್ಕಿಲ್ಲಮ್ಮ. ನಾನು ನೋಡಿದ್ದೂ ಲೆಕ್ಕಕ್ಕಿಲ್ಲ. ನನ್ನ ರೂಮಿನ ಪಕ್ಕದಲ್ಲೇ ಆಕೆ ಪಾಠ ಮಾಡೋದು, ಬೇಡಿಕೆ ಪೂರೈಕೆ ಅಂತ ನನಗೇ ಬಾಯಿಪಾಠ ಆಗಿದೆ. ಏನ್ ಮಾಡ್ಲಿ ಸರ್, ಆಪ್ ನೋಡಬೇಕಲ್ಲ!"

ಅಧ್ಯಾಪಕರ ಕೊಠಡಿಯಲ್ಲಿ ಉಪನ್ಯಾಸಕಿ ಕಾದಿದ್ದರು. ನಾನು ಲ್ಯಾಪ್‌ಟಾಪನ್ನು ತೆರೆದು, ಈ ಸಲ ಸಿದ್ಧಪಟ್ಟಿಯನ್ನು ಬದಿಗಿಟ್ಟು, ಸರ್ವರ್ ಕ್ಷಣಕ್ಷಣಕ್ಕೂ ಬರೆದುಕೊಳ್ಳುವ ಮೂಲ ದಿನಚರಿಯನ್ನೇ ತೆರೆದೆ. ಅದು ಕೆಟ್ಟ ಗದ್ಯ. ವಿರಾಮಚಿಹ್ನೆಗಳ ಅರಿವಿಲ್ಲದ ಯಂತ್ರ ಸಾವಿರಾರು ಸಾಲು ಬರೆದಿರುತ್ತದೆ. ಅದಕ್ಕೇ ಅದನ್ನು ನಾನು ಓದುವುದನ್ನು ಬಿಟ್ಟಿದ್ದೆ. "ಈಗ ಒತ್ತಿ" ಎಂದೆ.

ಒತ್ತಿದರು. ಪರದೆಯ ಮೇಲೆ ಸಾಲುಗಳು ಮೂಡಿದವು. ಅವರ ಫೋನು ಬಂತು, ಹೆಸರು ಹೇಳಿತು. ಸರ್ವರ್ ತನ್ನ ಪ್ರಮಾಣಪತ್ರವನ್ನು ತೋರಿಸಿತು. ಫೋನು ಅದನ್ನು ಓದಿ, "ಪ್ರಮಾಣಪತ್ರದ ಅವಧಿ ಮುಗಿದಿದೆ" ಎಂದು ಒಂದೇ ಸಾಲು ಹೇಳಿ ಹೊರಟುಹೋಯಿತು. ಪಾಸ್‌ವರ್ಡಿನ ಮಾತೇ ಬರಲಿಲ್ಲ. ಕೊಡದ ಪಾಸ್‌ವರ್ಡು ತಪ್ಪಾಗುವುದಾದರೂ ಹೇಗೆ? ತಪ್ಪು ಕೊಟ್ಟವರ ಪಟ್ಟಿಯಲ್ಲಿ ಅವರ ಹೆಸರು ಏಕಿರಲಿಲ್ಲವೆಂಬುದು ಆಗ ನನಗೆ ಅರ್ಥವಾಯಿತು. ಅವರ ಫೋನನ್ನು ಸರ್ವರ್ ತಿರಸ್ಕರಿಸಿರಲಿಲ್ಲ. ಸರ್ವರನ್ನು ಅವರ ಫೋನು ತಿರಸ್ಕರಿಸಿತ್ತು. ಹೊರಟುಹೋದ ಮೇಲೆ ಅದು ತನ್ನ ಒಡತಿಗೆ ಮಾತ್ರ, ಕಾರಣ ಹೇಳುವ ಗೊಡವೆಗೆ ಹೋಗದೆ, ಪಾಸ್‌ವರ್ಡ್ ಸರಿ ನೋಡಿ ಎನ್ನುತ್ತಿತ್ತು.

ನಾನು ಅವರಿಗೆ ಪತ್ರ, ಅವಧಿ, ಪರಿಶೀಲನೆ ಎಂದೆಲ್ಲ ಕ್ರಮಬದ್ಧವಾಗಿ ವಿವರಿಸತೊಡಗಿದೆ. ಅರ್ಧಕ್ಕೇ ಅವರು ಕಿಟಕಿಯ ಕಡೆ ಕೈತೋರಿಸಿದರು.

"ಅಂದ್ರೆ ಗೈಡಿನ ಕಾರ್ಡಿನ ಡೇಟ್ ಮುಗಿದಿದೆ. ಎಲ್ಲರೂ ಕಾರ್ಡ್ ನೋಡದೆ ಅವನ ಹಿಂದೆ ಹೋಗ್ತಿದ್ದಾರೆ. ನನ್ನ ಫೋನು ಮಾತ್ರ ನಾನು ಬರಲ್ಲ ಅಂತ ಗೇಟಲ್ಲೇ ನಿಂತಿದೆ. ಅಷ್ಟೇ ಅಲ್ವಾ ಸರ್?"

ಅಷ್ಟೇ. ನಾನು ಮೂರೂ ಕಾಲೇಜುಗಳ ತರಬೇತಿಗಳಲ್ಲಿ ಹೇಳಲಾಗದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿದರು.

ದಿನಚರಿಯನ್ನು ಹಿಂದಕ್ಕೆ ಉರುಳಿಸಿದೆ. ಹಿಂದಿನ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅದೇ ಸಾಲು. ಅದರ ಹಿಂದಿನ ದಿನ ಒಂಬತ್ತು ಹನ್ನೆರಡಕ್ಕೆ. ಶನಿವಾರ ಒಂಬತ್ತು ಎಂಟಕ್ಕೆ. ಬೇಲೂರಿನ ಬಸ್ಸು ಹಳೇಬೀಡಿಗೆ ಬರುವ ಹೊತ್ತಿಗೆ ಸರಿಯಾಗಿ, ಈ ಕೊಠಡಿಯ ಗೋಡೆಯ ಮೇಲಿನ ಇದೇ ವೈಫೈ ಪೆಟ್ಟಿಗೆಯ ಹೆಸರಿನೊಂದಿಗೆ, ದಿನ ತಪ್ಪದೆ ಫೋನು ಬಂದು, ಪತ್ರ ಓದಿ, ತಿರುಗಿ ಹೋಗಿತ್ತು. ಕೆಲವು ದಿನ ಎರಡು ಮೂರು ಸಲ. ಪ್ರಯತ್ನವೇ ಕಂಡುಬಂದಿಲ್ಲವೆಂದು ನಾನು ಬರೆದುಕೊಟ್ಟಿದ್ದ ದಿನಗಳಿವು.

ಒಂದು ಬುಧವಾರ ಮಾತ್ರ ಸಾಲು ಇರಲಿಲ್ಲ. ಬೆರಳು ಅಲ್ಲಿ ನಿಂತಿತು.

"ಅವತ್ತು ಬಿಕ್ಕೋಡಿನ ಹತ್ರ ರಸ್ತೆಗೆ ಮರ ಬಿದ್ದಿತ್ತು ಸರ್, ಬಸ್ಸೇ ಬರಲಿಲ್ಲ. ಅವತ್ತು ನಾನು ಬಂದಿಲ್ಲ. ರಜೆ ಚೀಟಿ ಕೊಟ್ಟಿದ್ದೀನಿ" ಎಂದರು.

ಬಂದ ದಿನಗಳಷ್ಟೇ ಕರಾರುವಾಕ್ಕಾಗಿ ಬಾರದ ದಿನವನ್ನೂ ಹೇಳುವ ದಾಖಲೆಯನ್ನು ನಾನು ಅಧ್ಯಾಪಕರ ಹಾಜರಿಯಲ್ಲಿ ಅದುವರೆಗೆ ಕಂಡಿರಲಿಲ್ಲ.

ದಿನಚರಿಯ ಆ ಸಾಲುಗಳನ್ನು ಮುದ್ರಿಸಿಕೊಂಡೆ. ಆದರೆ ಹಳೆಯ ದಿನಗಳಿಗೆ ಸಾಕ್ಷ್ಯ ಸಿಕ್ಕರೂ ನಾಳೆಯೂ ಕೆಂಪು ಚುಕ್ಕೆಯೇ ಬೀಳುತ್ತಿತ್ತು. ಹೊಸ ಪತ್ರ ಬೇಕೇ ಬೇಕು. ಆ ಸಂಜೆಯೇ ಕಣಕಟ್ಟೆಯ ತೋಟಕ್ಕೆ ಹೋದೆ. ಅಧ್ಯಕ್ಷರು ಜಗಲಿಯಲ್ಲಿ ಕುಳಿತು ಕೊಬ್ಬರಿ ಸುಲಿಸುತ್ತಿದ್ದರು.

"ಮತ್ತೆ ಅದೇ ಸುದ್ದೀನಾ ಮೇಷ್ಟ್ರೇ? ಆಷಾಢ ಇನ್ನೂ ಐತೆ."

ಇವರ ಮುಂದೆ ತರ್ಕ ನಡೆಯದೆಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕುಳಿತು ಬೇರೊಂದು ದಾರಿ ಯೋಚಿಸಿದ್ದೆ. "ಪತ್ರ ಕೊಡುವವರು ನಾವೇ, ಅಧ್ಯಕ್ಷರೇ. ಎಂದಿನಿಂದ ಜಾರಿ ಎಂಬ ದಿನವನ್ನೂ ನಾವೇ ಬರೆಯುತ್ತೇವೆ. ಜ್ಯೇಷ್ಠದ ದಿನವೊಂದನ್ನು ಬರೆದರೆ ಅದು ಆಷಾಢದಲ್ಲಿ ಆರಂಭವಾದಂತೆ ಆಗುವುದಿಲ್ಲ."

ಅವರು ಕಾಯಿ ಕೆಳಗಿಟ್ಟರು. "ಹಿಂದಿನ್ ದಿನ ಹಾಕ್ಬೋದಾ?"

"ಹಾಕಬಹುದು."

"ಹಂಗಾದ್ರೆ ಜ್ಯೇಷ್ಠ ಯಾಕೆ? ಅಕ್ಷಯ ತದಿಗೆ ಹಾಕಿ! ಟೈಮೂ ಬರೀಬೋದಾ?"

"ಸೆಕೆಂಡಿನವರೆಗೆ."

"ರಾಹುಕಾಲ ಬಿಟ್ಟು ಹಾಕಿ ಮತ್ತೆ. ತಿಳ್ದೋರು ನೀವು, ಮೊದ್ಲೇ ಹೇಳ್ಬಾರ್ದಾ?"

ಸೋಮವಾರದ ಜ್ವರಕ್ಕೆ ಗುರುವಾರ ಬರೆದ ರಜೆ ಚೀಟಿಯನ್ನು ಹದಿನೆಂಟು ವರ್ಷದಲ್ಲಿ ಒಂದು ಸಲವೂ ಒಪ್ಪಿಕೊಳ್ಳದಿದ್ದ ನಾನು, ಮರುದಿನ ಬೆಳಿಗ್ಗೆ ಆಷಾಢದಲ್ಲಿ ಕುಳಿತು ಅಕ್ಷಯ ತೃತೀಯೆಯ ದಿನಾಂಕ ಹಾಕಿ ಪ್ರಮಾಣಪತ್ರ ಸಿದ್ಧಪಡಿಸಿದೆ. ಈ ಪತ್ರಗಳಲ್ಲಿ ನಮ್ಮ ಗಡಿಯಾರದ ಹೊತ್ತನ್ನು ಬರೆಯುವಂತಿಲ್ಲ, ಗ್ರೀನಿಚ್ಚಿನ ಹೊತ್ತನ್ನು ಬರೆಯಬೇಕು. ಹಾಗಾಗಿ ಪಂಚಾಂಗದ ಶುಭ ಮುಹೂರ್ತದಿಂದ ಐದೂವರೆ ಗಂಟೆ ಕಳೆದು, ರಾಹುಕಾಲ ಎಲ್ಲಿಯೂ ಸೋಕದಂತೆ ಎರಡು ಸಲ ತಾಳೆ ನೋಡಿದೆ. ಕ್ರಮ ಕೈಬಿಡಬಾರದಲ್ಲ.

ಪತ್ರ ಸರ್ವರಿಗೇರಿತು. ಹಳೇಬೀಡಿನಿಂದ ಕರೆ ಬಂತು. "ಬಂತು ಸರ್! ಹಸಿರು ಚುಕ್ಕೆ!" ಸುಳ್ಳು ದಿನಾಂಕದ ಪತ್ರವನ್ನು ಅವರ ನಿಷ್ಠುರ ಫೋನು ಒಂದೇ ನೋಟಕ್ಕೆ ಒಪ್ಪಿಕೊಂಡಿತ್ತು.

ಶುಕ್ರವಾರದ ಸಭೆ ಬೇಲೂರಿನ ಕಾಲೇಜಿನಲ್ಲಿ ಸೇರಿತು. ಆಷಾಢದಲ್ಲಿ ಯಾರನ್ನೂ ಹೊಸದಾಗಿ ಸೇರಿಸಿಕೊಳ್ಳುವಂತಿಲ್ಲ; ಇದ್ದವರನ್ನು ಕೈಬಿಡುವುದಕ್ಕೆ ಮಾಸದ ದೋಷವಿಲ್ಲ. ನಾನು ಸದಸ್ಯನಲ್ಲ. ಐದು ನಿಮಿಷ ಕೇಳಿ ಒಳಗೆ ಹೋದೆ. ಉಪನ್ಯಾಸಕಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.

ಮುದ್ರಿಸಿದ ಸಾಲುಗಳನ್ನೂ ಅವುಗಳ ಕನ್ನಡ ವಿವರಣೆಯನ್ನೂ ಮೇಜಿನ ಮೇಲಿಟ್ಟು, ಪ್ರತಿಯೊಂದು ಸಾಲೂ ಆಕೆ ಆ ದಿನ ಕಾಲೇಜಿನಲ್ಲಿದ್ದುದಕ್ಕೆ ಸಾಕ್ಷಿಯೆಂದು ವಿವರಿಸಿದೆ. ಅಧ್ಯಕ್ಷರು ಕನ್ನಡಕ ಏರಿಸಿದರು.

"ಬಾಗ್ಲುಗಂಟ ಬಂದು ವಾಪಸ್ ಹೋದೋರ್ನ ಬಂದೋರು ಅಂತ ಎಂಗೆ ಬರ್ಕೊಳ್ಳೋದು ಮೇಷ್ಟ್ರೇ?"

"ವಾಪಸ್ಸು ಹೋದದ್ದು ಫೋನು, ಅಧ್ಯಕ್ಷರೇ. ಅವರು ತರಗತಿಗೆ ಹೋದರು."

ಹಳೇಬೀಡಿನ ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. "ಆದ್ರೆ ಸರ್, ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದು ನನ್ನ ಉತ್ತರವನ್ನು ತೆಗೆದು ಗಟ್ಟಿಯಾಗಿ ಓದಿದರು. ಆ ವಾಕ್ಯ ಸಭೆಯಲ್ಲಿ ಚೆನ್ನಾಗಿಯೇ ಕೇಳಿಸಿತು.

"ಒಳ್ಳೆ ಬರ್ದಿದ್ದೀರಲ್ಲ" ಎಂದರು ಅಧ್ಯಕ್ಷರು. "ಇದ್ರಲ್ಲಿ ತಪ್ಪೆಲ್ಲೈತೆ?"

"ನಾನು ನೋಡಬೇಕಾದ ದಾಖಲೆಯನ್ನು ನೋಡದೆ ಬರೆದದ್ದರಲ್ಲಿದೆ. ತಪ್ಪು ನನ್ನದು. ಅದನ್ನು ಹಿಂತೆಗೆದುಕೊಂಡು ಲಿಖಿತವಾಗಿ ಕೊಟ್ಟಿದ್ದೇನೆ."

ಹಾಳೆಯನ್ನು ಅವರ ಮುಂದಿಟ್ಟೆ. ಅದರಲ್ಲಿ ಮೂರು ವಾಕ್ಯಗಳಿದ್ದವು. ಎಲ್ಲರ ಫೋನುಗಳಿಗೂ ಪರಿಶೀಲಿಸಬೇಡವೆಂದು ಕಲಿಸಿದವನು ನಾನು ಎಂಬುದು ಮೊದಲನೆಯದು. ಆಷಾಢದ ಕಾರಣದಿಂದ ಪ್ರಮಾಣಪತ್ರದ ನವೀಕರಣವನ್ನು ಮುಂದೂಡಲಾಯಿತು ಎಂಬುದು ಎರಡನೆಯದು. ಉಪನ್ಯಾಸಕಿಯ ಪ್ರಯತ್ನಗಳು ದಾಖಲೆಯಲ್ಲಿದ್ದರೂ ನಾನು ನೋಡದೆ ವರದಿ ಕೊಟ್ಟೆ ಎಂಬುದು ಮೂರನೆಯದು.

ಅಧ್ಯಕ್ಷರು ನಿಧಾನವಾಗಿ ಓದಿದರು. ಮೊದಲನೆಯದಕ್ಕೂ ಮೂರನೆಯದಕ್ಕೂ ಅವರ ಮುಖದಲ್ಲಿ ಯಾವ ಆಕ್ಷೇಪವೂ ಕಾಣಲಿಲ್ಲ. ತಪ್ಪೊಪ್ಪಿಗೆಗಳು ಬೇರೆಯವರವಾಗಿದ್ದರೆ ಓದಲು ಹಿತವಾಗಿರುತ್ತವೆ. ಎರಡನೆಯದರ ಮೇಲೆ ಬೆರಳಿಟ್ಟರು.

"ಇದು ಯಾಕೆ? ಪತ್ರ ಅಕ್ಷಯ ತದಿಗೇದಲ್ವಾ? ಆಷಾಢಕ್ಕೂ ಅದಕ್ಕೂ ಎಲ್ಲಿ ಸಂಬಂಧ?"

ನನ್ನ ಕೈಯಿಂದಲೇ ಹಾಕಿದ ದಿನಾಂಕ ನನ್ನ ಮುಂದೆ ಬಂದು ನಿಂತಿತು.

"ಈ ಸಾಲು ಹೊಡೆದಾಕಿ. ಆಯಮ್ಮನ ದಿನಾನೆಲ್ಲಾ ಹಾಜರಿ ಅಂತ ಬರ್ಸಾಣ. ಬುಧವಾರ ಒಂದ್ ಬಿಟ್ಟು. ಆಯ್ತಾ?"

ಹೊರಗಿನ ಬೆಂಚು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದರು. ಬಿಕ್ಕೋಡಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಎರಡನೆಯ ವಾಕ್ಯ ನಿಜವಾಗಿತ್ತು, ಅಗತ್ಯವಾಗಿತ್ತು, ಮೂರರಲ್ಲಿ ಚೆನ್ನಾಗಿ ಬಂದಿದ್ದದ್ದೂ ಅದೇ. ಪೆನ್ನು ತೆಗೆದು, ಅಡಿಕೋಲಿಲ್ಲದೆ, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದೆ.

ಅರ್ಧ ಗಂಟೆಯಲ್ಲಿ ಆದೇಶ ಹೊರಬಂತು. ಮರುನೇಮಕವಾಗಿತ್ತು. ಕಾರಣದ ಜಾಗದಲ್ಲಿ, "ಉಪನ್ಯಾಸಕಿಯವರ ಮೊಬೈಲ್ ಫೋನಿನ ದೋಷದಿಂದ ಉಂಟಾಗಿದ್ದ ಗೈರುಹಾಜರಿಯನ್ನು ಸಹಾನುಭೂತಿಯಿಂದ ಮನ್ನಾ ಮಾಡಲಾಗಿದೆ" ಎಂದಿತ್ತು. ಸಂಸ್ಥೆಯ ಫೋನುಗಳಲ್ಲೆಲ್ಲ ತನ್ನ ಕರ್ತವ್ಯವನ್ನು ಮಾಡಿದ್ದ ಒಂದೇ ಫೋನಿಗೆ ದೋಷವನ್ನು ಹೊರಿಸಿ, ಬಂದಿದ್ದವರನ್ನು ಬಾರದಿದ್ದಕ್ಕಾಗಿ ಕ್ಷಮಿಸಲಾಗಿತ್ತು.

ಬೇಲೂರಿನ ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆದೆ. ಆದೇಶ ತಪ್ಪಾಗಿದೆ, ತಿದ್ದುಪಡಿ ಕೋರಿ ನಾನು ಸೋಮವಾರವೇ ಬರೆಯುತ್ತೇನೆ, ಯಾವ ಪದಗಳನ್ನು ಬದಲಿಸಬೇಕೆಂಬುದನ್ನೂ ಗುರುತಿಸಿಕೊಂಡಿದ್ದೇನೆ ಎಂದೆ. ಅವರು ಆದೇಶವನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಸೇರಿಸಿದರು.

"ಬೇಡ ಸರ್, ಬಿಡಿ. ಮರುನೇಮಕ ಬೇಕಾಗಿದ್ದದ್ದು ನನಗೆ. ಫೋನಿಗಲ್ಲ."

ಬಿಕ್ಕೋಡಿನ ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು, ಕಂಡಕ್ಟರ್ ಕೇಳುವ ಮೊದಲೇ ಪಾಸನ್ನು ತೆಗೆದು ತೋರಿಸಿದರು. ಆತ ನೋಡದೆ ಮುಂದೆ ಹೋದ.